ಜಿಪ್ಸಂ ಪಾರ್ಟಿಶನ್ ಮೇಲೆ ಪೆಗ್‌ಬೋರ್ಡ್: 4×3 ಅಡಿ ಹಲಗೆ, 3 ರೀಪು, 18 ಸ್ಕ್ರೂ

ಕಲಬುರಗಿ ಕಡೆ ಗೋಡೆ ಅಂದರೆ ಇಟ್ಟಂಗಿ, ಹಳೆ ಮನೆಯಾದರೆ ಶಹಾಬಾದ್ ಕಲ್ಲು. ಏನಾದರೂ ತೂಗುಹಾಕಬೇಕಾದರೆ ತೂತು ಕೊರೆದು ಗಿಟ್ಟಿ (ವಾಲ್ ಪ್ಲಗ್) ಬಡಿದು ಸ್ಕ್ರೂ ಬಿಗಿದರೆ ಕೆಲಸ ಮುಗಿಯಿತು. ಈಗ ಮಹಡಿಯ ದೊಡ್ಡ ಕೋಣೆಯನ್ನು ಎರಡು ಮಾಡುವಾಗ, ಬಾಡಿಗೆ ಕೋಣೆ ಕಟ್ಟುವಾಗ ಜಿಪ್ಸಂ ಬೋರ್ಡಿನ ಪಾರ್ಟಿಶನ್ ಬರುತ್ತಿದೆ. ಸ್ಲ್ಯಾಬ್ ಮೇಲೆ ಬೀಳುವ ಭಾರ ನಾಲ್ಕೂವರೆ ಇಂಚಿನ ಇಟ್ಟಂಗಿ ಗೋಡೆಯ ಹತ್ತನೇ ಒಂದು ಪಾಲು ಎನ್ನುವುದೇ ಅದರ ದೊಡ್ಡ ಗುಣ. ಆದರೆ ಪುಟ್ಟಿ, ಬಣ್ಣ ಬಿದ್ದ ಮೇಲೆ ಎರಡೂ ಗೋಡೆ ಒಂದೇ ಥರ ಕಾಣುತ್ತವೆ. ಇಟ್ಟಂಗಿಗೆ ಹಾಕುವ ಗಿಟ್ಟಿಯನ್ನೇ ಜಿಪ್ಸಂಗೂ ಹಾಕಿದಾಗ, ವಾರ ಕಳೆಯುವುದರೊಳಗೆ ಸ್ಕ್ರೂ ಗಿಟ್ಟಿ ಸಮೇತ ಕೈಗೆ ಬರುತ್ತದೆ.

ಇದು ಅಂಥ ಒಂದು ಪಾರ್ಟಿಶನ್ ಮೇಲೆ ಪೆಗ್‌ಬೋರ್ಡ್, ಅಂದರೆ ಮೈತುಂಬ ಇರುವ ತೂತುಗಳಿಗೆ ಹುಕ್ ಸಿಕ್ಕಿಸಿ ಸಾಮಾನು ತೂಗುವ ಹಲಗೆ, ಕೂರಿಸಿದ ಕೆಲಸದ ದಾಖಲೆ. ಹಲಗೆಯ ಅಳತೆ 1220×915 ಮಿ.ಮೀ., ಅಂದರೆ 4×3 ಅಡಿ. ತೂಗುವ ಸಾಮಾನು: ಡ್ರಿಲ್ ಮಷಿನ್, ಎರಡು ಸುತ್ತಿಗೆ, ಪೈಪ್ ಪಾನಾ, ರಿಂಗ್ ಪಾನಾಗಳು, ಪಕ್ಕಡ್, ಗರಗಸ, ಅರಗಳು. ಎಲ್ಲ ಸೇರಿ ಸುಮಾರು 14 ಕೆಜಿ.

ಮೊದಲು ಗೋಡೆ ಯಾವುದು ನೋಡಿ

ಬಡಿದು ಸದ್ದು ಕೇಳುವುದು ಸಾಲದು. ಸಡಿಲ ಗಿಲಾವೂ ಟೊಳ್ಳು ಸದ್ದು ಕೊಡುತ್ತದೆ. ಹಲಗೆಯ ಹಿಂದೆ ಮುಚ್ಚಿಹೋಗುವ ಜಾಗದಲ್ಲಿ 2 ಅಥವಾ 3 ಮಿ.ಮೀ. ಬಿಟ್‌ನಿಂದ ಒಂದು ತೂತು ಕೊರೆದು, ಕೆಳಗೆ ಒಂದು ಕಾಗದ ಮಡಚಿ ಹಿಡಿದು ಪುಡಿ ನೋಡಿ. ಹ್ಯಾಮರ್ ಗುಂಡಿ ಆಫ್ ಇರಲಿ.

ಸೀಮೆಸುಣ್ಣದಂಥ ಬಿಳಿ ಪುಡಿ ಸಲೀಸಾಗಿ ಬಂದು, 12–13 ಮಿ.ಮೀ. ಆದಕೂಡಲೇ ಬಿಟ್ ಥಟ್ಟನೆ ಖಾಲಿ ಜಾಗಕ್ಕೆ ನುಗ್ಗಿದರೆ ಅದು ಜಿಪ್ಸಂ ಬೋರ್ಡ್. ಬೂದು ಪುಡಿಯ ಹಿಂದೆ ಕೆಂಪು ಬಂದರೆ ಗಿಲಾವು, ಇಟ್ಟಂಗಿ. ಬೂದುಬಿಳಿ ಪುಡಿ ಮೆತ್ತಗೆ ಬರುತ್ತಲೇ ಇದ್ದು ಖಾಲಿ ಜಾಗ ಸಿಗದಿದ್ದರೆ ಗಾಳಿಗುಳ್ಳೆಯ ಹಗುರ ಸಿಮೆಂಟ್ ಬ್ಲಾಕ್ (ಎಎಸಿ). ಬಿಟ್ ಬಿಸಿಯಾಗಿ, ಪುಡಿ ಹಿಟ್ಟಿನಂತೆ ಸ್ವಲ್ಪ ಸ್ವಲ್ಪವೇ ಉದುರಿದರೆ ಶಹಾಬಾದ್ ಸುಣ್ಣಕಲ್ಲು. ಬೀದರ್ ಕಡೆಯ ಹಳೆ ಗೋಡೆಯಾದರೆ ಕಂದುಗೆಂಪು ಹರಳು ಪುಡಿ ಬರುತ್ತದೆ, ನಡುನಡುವೆ ಬಿಟ್ ಜಗ್ಗನೆ ಒಳಗೆ ಹೋಗುತ್ತದೆ; ಅದು ಜಂಬಿಟ್ಟಿಗೆ, ಅದರ ಮೈಯೆಲ್ಲ ಪೊಟರೆ. ಈ ಗೋಡೆಗಳಿಗೆ ಬೇರೆ ಬೇರೆ ಉಪಾಯ ಬೇಕು, ಎಎಸಿ ಬಿಟ್ಟು ಉಳಿದವುಗಳದ್ದನ್ನು ಕೊನೆಯಲ್ಲಿ ಹೇಳಿದೆ.

ಹಲಗೆ ಆರಿಸುವುದು

ಹುಕ್ ಮೊದಲು, ಹಲಗೆ ಆಮೇಲೆ. ಈ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಪೆಗ್‌ಬೋರ್ಡಿನ ತೂತು ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತದೆ: ತೆಳು ಹಾರ್ಡ್‌ಬೋರ್ಡಿಗೆ ಒಂದೂವರೆ ಸೂತ (ಸುಮಾರು 5 ಮಿ.ಮೀ.), ದಪ್ಪ ಹಲಗೆಗೆ ಎರಡು ಸೂತ (ಸುಮಾರು 6 ಮಿ.ಮೀ.). ಎರಡರಲ್ಲೂ ತೂತಿನಿಂದ ತೂತಿಗೆ ಒಂದು ಇಂಚು. ಸಣ್ಣ ತೂತಿನ ಹುಕ್ ದೊಡ್ಡ ತೂತಿಗೆ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಪಕ್ಕಡ್ ಎತ್ತಿಕೊಂಡರೆ ಹುಕ್ಕೂ ಅದರ ಜೊತೆ ಬರುತ್ತದೆ. ಹುಕ್ ಒಂದನ್ನು ಜೇಬಿಗೆ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಹಲಗೆಗೆ ಹಾಕಿ ಅಲ್ಲಾಡಿಸಿ ನೋಡಿ.

3 ಮಿ.ಮೀ. ಹಾರ್ಡ್‌ಬೋರ್ಡ್ ಈ ಅಳತೆಗೆ ಸುಮಾರು 3.2 ಕೆಜಿ ತೂಗುತ್ತದೆ. ಅಡುಗೆಮನೆಯ ಸೌಟು, ಜಾಲರಿ, ಹೊಲಿಗೆಯ ಕತ್ತರಿಗೆ ಸಾಕು. ಪೈಪ್ ಪಾನಾ ತೂಗಿದರೆ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಒಂದು ಮಿ.ಮೀ. ದಪ್ಪದ, ಪೌಡರ್ ಕೋಟ್ ಮಾಡಿದ ಕಬ್ಬಿಣದ ಹಾಳೆ ಎಂಟು ಕೆಜಿಗಿಂತ ತುಸು ಹೆಚ್ಚು. ಮೊಬೈಲ್ ಕವರ್ ತೂಗಿಸಿಟ್ಟಿರುವ ಅಂಗಡಿಗಳಲ್ಲಿ ನೋಡಿದ್ದೀರಲ್ಲ, ಅದೇ. ಬಾಳಿಕೆಯಲ್ಲಿ ಅದನ್ನು ಮೀರಿಸುವ ಹಲಗೆ ಇನ್ನೊಂದಿಲ್ಲ. ಬಚ್ಚಲ ಮಗ್ಗುಲಿನ ಗೋಡೆಗೆ ಅದನ್ನೇ ಆರಿಸಿ. 12 ಮಿ.ಮೀ. ಪ್ಲೈವುಡ್ ತಂದು ಮನೆಯಲ್ಲೇ ತೂತು ಕೊರೆಯಬಹುದು, ಆದರೆ ಎಣಿಸಿ ನೋಡಿ: ಇಂಚಿಗೊಂದರಂತೆ 48 ಸಾಲು, 36 ಸಾಲು, ಒಟ್ಟು 1728 ತೂತು. ಎರಡು ಇಂಚಿಗೊಂದರಂತೆ ಕೊರೆದರೆ 24×18, ಅಂದರೆ 432. ಕೊರೆಯುವುದೇ ಆದರೆ ಎರಡು ಇಂಚಿನ ಲೆಕ್ಕ ಹಿಡಿಯಿರಿ, ಹುಕ್ ಬದಲು ಕಟ್ಟಿಗೆಯ ಗೂಟ ಬಳಸಿ.

ಇಲ್ಲಿ ಆರಿಸಿದ್ದು 5.5 ಮಿ.ಮೀ. ಎಂಡಿಎಫ್ (ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ), 6 ಮಿ.ಮೀ. ತೂತು. ತೂಕ ಐದು ಕೆಜಿಗೆ ತುಸು ಕಡಿಮೆ. ಒಳಗೋಡೆ, ನೀರಿನ ಸಂಗ ಇಲ್ಲ, ಹಾಗಾಗಿ ನಡೆಯುತ್ತದೆ. ಆದರೆ ನಮ್ಮ ಊರಿನಲ್ಲಿ ಒಂದು ವಿಷಯ ಮರೆಯಬಾರದು: ಕೂಲರ್. ಏಪ್ರಿಲ್, ಮೇ ತಿಂಗಳಲ್ಲಿ ಹಗಲೂ ರಾತ್ರಿ ಕೂಲರ್ ಊದುವ ತೇವದ ಗಾಳಿ ನೇರ ಎಂಡಿಎಫ್ ಮೇಲೆ ಬಿದ್ದರೆ ತೂತಿನ ಅಂಚುಗಳು ಉಬ್ಬಿ, ಹುಕ್ ಒಳಗೇ ಹೋಗದಂತೆ ಆಗುತ್ತದೆ. ಕೂಲರ್‌ನ ಎದುರು ಗೋಡೆ ಬೇಡ. ಬೇರೆ ಗೋಡೆ ಇಲ್ಲವೆಂದರೆ ಕಬ್ಬಿಣದ ಹಾಳೆ.

ತಂದ ಸಾಮಾನು

ಎಂಡಿಎಫ್ ಹಲಗೆ 1. ರೀಪು (ಗೋಡೆಗೂ ಹಲಗೆಗೂ ನಡುವೆ ಕೂರುವ ಪಟ್ಟಿ) 3: ಪ್ರತಿಯೊಂದು 1300 ಮಿ.ಮೀ. ಉದ್ದ, 50 ಅಗಲ, 18 ದಪ್ಪ, ನೀರು ತಡೆಯುವ ಬಿಡಬ್ಲ್ಯುಆರ್ ಪ್ಲೈವುಡ್‌ನಿಂದ ಸೀಳಿಸಿದ್ದು. ಚಪ್ಪಟೆ ತಲೆಯ 4.2×50 ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ 18, ಕೈಗಾವಲಿಗೆ ಇನ್ನೂ 6, ದಪ್ಪನೆಯ 4.8×50 ನಾಲ್ಕು. ಹಲಗೆಗೆ 4×20 ಕಟ್ಟಿಗೆ ಸ್ಕ್ರೂ 15, ಅಷ್ಟೇ ವಾಷರ್, 12 ಮಿ.ಮೀ. ಅಗಲದ್ದು. ಸನ್‌ಮೈಕಾ ಚೂರುಗಳು ಒಂದು ಮುಷ್ಟಿ. ಪ್ರೈಮರ್, ಬಣ್ಣ, ಸಣ್ಣ ರೋಲರ್. ಹಳೆ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ.

ಕಪ್ಪು ಡ್ರೈವಾಲ್ ಸ್ಕ್ರೂ ಯಾಕೆ ಬೇಡ ಎಂದು ಅಂಗಡಿಯವರು ಕೇಳುತ್ತಾರೆ. ಅದು ಜಿಪ್ಸಂ ಬೋರ್ಡನ್ನು ಸ್ಟಡ್‌ಗೆ (ಬೋರ್ಡಿನ ಹಿಂದಿನ ತಗಡಿನ ಕಂಬ) ಹಿಡಿಸಲು ಮಾಡಿದ್ದು. ಗಡಸು ಹೆಚ್ಚು, ಬಾಗುವ ಗುಣ ಕಡಿಮೆ, ಅಡ್ಡ ಭಾರ ಬಿದ್ದರೆ ಕತ್ತಿನಲ್ಲೇ ಲಟ್ಟೆಂದು ಮುರಿಯುತ್ತದೆ.

ಸ್ಟಡ್ ಹುಡುಕುವುದು

ಭಾರ ಹೊರುವುದು ಜಿಪ್ಸಂ ಅಲ್ಲ, ಅದರ ಹಿಂದೆ ನಿಂತಿರುವ ಜಿಐ ಸ್ಟಡ್. ಸಾಮಾನ್ಯ ಪಾರ್ಟಿಶನ್‌ನಲ್ಲಿ 50 ಮಿ.ಮೀ. ಆಸುಪಾಸಿನ ಸ್ಟಡ್, ಎರಡೂ ಕಡೆ 12.5 ಮಿ.ಮೀ. ಬೋರ್ಡ್, ಒಟ್ಟು ದಪ್ಪ 75 ಮಿ.ಮೀ. ಸ್ಟಡ್‌ನ ತಗಡು ಅರ್ಧ ಮಿ.ಮೀ. ಮಾತ್ರ. ಸ್ಟಡ್‌ನಿಂದ ಸ್ಟಡ್‌ಗೆ 610 ಮಿ.ಮೀ., ಅಂದರೆ ಎರಡು ಅಡಿ ಇರುತ್ತದೆ. ಕೆಲವರು 400ಕ್ಕೂ ನಿಲ್ಲಿಸುತ್ತಾರೆ. ಊಹೆಯ ಮೇಲೆ ಗುರುತು ಹಾಕಬೇಡಿ.

ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಗೋಡೆಯ ಮೇಲೆ ಅಡ್ಡಡ್ಡ ಸವರಿಕೊಂಡು ಹೋಗಿ. ಪುಟ್ಟಿಯ ಅಡಿಯಲ್ಲಿ ಸ್ಕ್ರೂ ತಲೆ ಇರುವ ಕಡೆ ಕೈಗೆ ಒಂದು ಸಣ್ಣ ಎಳೆತ ಸಿಗುತ್ತದೆ.  ಅಲ್ಲೊಂದು ಪೆನ್ಸಿಲ್ ಚುಕ್ಕೆ. ಈಗ ನೆಟ್ಟಗೆ ಮೇಲೆ, ಕೆಳಗೆ ಸವರಿದರೆ ಸುಮಾರು ಒಂದೊಂದು ಅಡಿಗೆ ಇನ್ನೊಂದು ತಲೆ. ಮೂರ್ನಾಲ್ಕು ಚುಕ್ಕೆ ಒಂದೇ ಗೆರೆಯಲ್ಲಿ ಬಂದರೆ ಅದೇ ಸ್ಟಡ್. 20 ಮಿ.ಮೀ. ಅಂತರದಲ್ಲಿ ಎರಡು ಸಾಲು ಸಿಕ್ಕರೆ ಅಲ್ಲಿ ಎರಡು ಬೋರ್ಡು ಕೂಡಿವೆ ಎಂದರ್ಥ. ಆ ಕೂಡಿಕೆಯ ನಡುವೆ ಸ್ಕ್ರೂ ಹೊಡೆದರೆ ಒಳಗಿನ ಟೇಪ್ ಹರಿದು ಪುಟ್ಟಿಯಲ್ಲಿ ಸೀಳು ಬಿಡುತ್ತದೆ. ಯಾವುದಾದರೂ ಒಂದು ಸಾಲಿನ ಗೆರೆ ಹಿಡಿದು, ಹಳೆಯ ತಲೆಗಳಿಂದ ಒಂದೆರಡು ಇಂಚು ಮೇಲೆ ಅಥವಾ ಕೆಳಗೆ ಹೊಡೆಯಿರಿ.

ಖಾತ್ರಿಗೆ ಗೆರೆಯ ಮೇಲೆ 2 ಮಿ.ಮೀ. ತೂತು. ಬಿಳಿ ಪುಡಿ ಬಂದು, ಬಿಟ್ ನಿಂತು, ಆಮೇಲೆ ಬೆಳ್ಳಗೆ ಹೊಳೆಯುವ ತಗಡಿನ ಎಳೆ ಸುರುಳಿಯಾಗಿ ಹೊರಬಂದರೆ ಸ್ಟಡ್ ಸಿಕ್ಕಿತು.

ಈ ಗೋಡೆಯಲ್ಲಿ ಎಡದ ಸ್ಟಡ್ ನಡುವಿನದಕ್ಕೆ 610ಕ್ಕೇ ಸಿಕ್ಕಿತು. ಬಲದ್ದು ಸಿಕ್ಕಿದ್ದು 560ಕ್ಕೆ. ಬಾಗಿಲ ಚೌಕಟ್ಟಿಗೆ ಹೊಂದಿಸಲು ಅದನ್ನು ಸರಿಸಿ ನಿಲ್ಲಿಸಿದ್ದರು. ಹೀಗಾಗುವುದು ಮಾಮೂಲು. ರೀಪನ್ನು ಹಲಗೆಗಿಂತ 80 ಮಿ.ಮೀ. ಉದ್ದ ಇಟ್ಟಿದ್ದು ಇದಕ್ಕಾಗಿಯೇ. ನಾಲ್ಕಡಿ ಹಲಗೆಯನ್ನು ನೇರವಾಗಿ ಗೋಡೆಗೆ ಹಿಡಿಸಹೋದರೆ ಎರಡಡಿಗೊಂದು ಸ್ಟಡ್ ಹಲಗೆಯ ಅಂಚಿಗೇ ಬಂದು ನಿಲ್ಲುತ್ತದೆ, ಸ್ಕ್ರೂ ಅಂಚನ್ನು ಸೀಳುತ್ತದೆ. ರೀಪು ಎರಡೂ ಕಡೆ 40 ಮಿ.ಮೀ. ಹೊರಚಾಚಿದರೆ ಸ್ಟಡ್ ಎಲ್ಲಿದ್ದರೂ ಹಲಗೆಗೆ ಚಿಂತೆಯಿಲ್ಲ. ಚಾಚಿದ ತುದಿಗೆ ಗೋಡೆಯ ಬಣ್ಣವನ್ನೇ ಬಳಿದರೆ ಕಣ್ಣಿಗೂ ಬೀಳುವುದಿಲ್ಲ.

ವೈರ್ ವಿಷಯ: ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಎರಡು ಬೋರ್ಡುಗಳ ನಡುವಿನ ಅಡ್ಡಗೆರೆಯಲ್ಲಿ ಸ್ಕ್ರೂ ಬೇಡ. ಪೈಪು ಸ್ಟಡ್‌ನ ಹೊಟ್ಟೆಯ ತೂತಿನಿಂದಲೇ ದಾಟಿರುತ್ತದೆ. 50 ಮಿ.ಮೀ. ಸ್ಕ್ರೂ ರೀಪು, ಬೋರ್ಡು ದಾಟಿ 19 ಮಿ.ಮೀ. ಒಳಗೆ ಚಾಚುತ್ತದೆ, ಪೈಪು ಮುಟ್ಟಲು ಅಷ್ಟು ಸಾಕು. ಕೊರೆಯುವ ಮೊದಲು ಆ ಕೋಣೆಯ ಎಂಸಿಬಿ ಇಳಿಸಿ, ಡ್ರಿಲ್‌ಗೆ ಬೇರೆ ಕೋಣೆಯಿಂದ ಕರೆಂಟ್ ತನ್ನಿ.

ರೀಪು ಕೂರಿಸುವುದು

ಹಲಗೆ ಗೋಡೆಗೆ ಅಂಟಿಕೊಂಡರೆ ಹುಕ್ಕಿನ ಬಾಗಿದ ಕಾಲಿಗೆ ತಿರುಗಲು ಜಾಗ ಇರುವುದಿಲ್ಲ. ಕಡಿಮೆಯೆಂದರೆ 12 ಮಿ.ಮೀ. ಬೇಕು, 18 ಇದ್ದರೆ ಯಾವ ಹುಕ್ಕೂ ತಕರಾರು ಮಾಡುವುದಿಲ್ಲ. ರೀಪಿನ ಕೆಲಸ ಎರಡು: ಸಂದು ಬಿಡುವುದು, ಭಾರವನ್ನು ಮೂರು ಸ್ಟಡ್‌ಗೂ ಹಂಚುವುದು.

ಹಲಗೆಯ ಕೆಳ ಅಂಚು ನೆಲದಿಂದ 1000 ಮಿ.ಮೀ.ಗೆ ಇಟ್ಟರೆ ಮೇಲಂಚು 1915ಕ್ಕೆ ಬರುತ್ತದೆ. ಕೆಳಗೆ ಎರಡೂವರೆ ಅಡಿ ಎತ್ತರದ ಮೇಜು ಹಿಡಿಸುತ್ತದೆ, ಮೇಲಿನ ಸಾಲಿಗೂ ಕೈ ಎಟುಕುತ್ತದೆ. ಅಳತೆಯನ್ನು ನೆಲದಿಂದ ಒಂದೇ ಕಡೆ ಹಿಡಿಯಿರಿ, ಉಳಿದದ್ದನ್ನು ಲೆವೆಲ್‌ನಿಂದ ಎಳೆಯಿರಿ. ಫರ್ಸಿ ನೆಲಕ್ಕೆ ನೀರು ಹರಿಯಲಿ ಎಂದು ಇಳಿಜಾರು ಕೊಟ್ಟಿರುತ್ತಾರೆ. ಎರಡು ಕಡೆ ನೆಲದಿಂದ ಅಳೆದರೆ ಆ ಇಳಿಜಾರೇ ಹಲಗೆಗೂ ಬರುತ್ತದೆ.

ಒಂದು ರೀಪು ಮೇಲಂಚಿಗೆ, ಒಂದು ಕೆಳ ಅಂಚಿಗೆ, ಒಂದು ನಟ್ಟನಡುವೆ. ನಡುವಿನಿಂದ ನಡುವಿಗೆ 432 ಮಿ.ಮೀ. ಬರುತ್ತದೆ. ರೀಪಿನ ಹಿಂದೆ ಬಿದ್ದ ತೂತಿಗೆ ಬಾಗಿದ ಹುಕ್ ಹೋಗುವುದಿಲ್ಲ. ಒಂದೊಂದು ರೀಪಿಗೆ ಎರಡೆರಡು ಸಾಲು, ಒಟ್ಟು 36ರಲ್ಲಿ 6 ಸಾಲು ಹೋಯಿತು. ಅದು ಕೊಡಲೇಬೇಕಾದ ಬೆಲೆ. ಆ ಸಾಲು ಉಳಿಸಲು ನಡುವಿನ ರೀಪು ಬಿಟ್ಟರೆ ಹಲಗೆ ಹೊಟ್ಟೆ ಬಿಡುತ್ತದೆ.

ರೀಪಿನಲ್ಲಿ ಮೊದಲೇ 5 ಮಿ.ಮೀ. ತೂತು ಕೊರೆದಿಟ್ಟುಕೊಳ್ಳಿ, ಪ್ರತಿ ಸ್ಟಡ್‌ಗೆ ಎರಡು, ಒಂದರ ಮೇಲೊಂದು, 25 ಮಿ.ಮೀ. ಅಂತರ. ಈ ತೂತು ಸ್ಕ್ರೂಗಿಂತ ದೊಡ್ಡದಿರಲೇಬೇಕು. ಇಲ್ಲದಿದ್ದರೆ ಸ್ಕ್ರೂವಿನ ಮರೆ (ಥ್ರೆಡ್) ಕಟ್ಟಿಗೆಯನ್ನು ಕಚ್ಚಿಕೊಂಡು, ತುದಿ ತಗಡು ಕೊರೆಯುವಷ್ಟರಲ್ಲಿ ರೀಪು ಗೋಡೆಯಿಂದ ಮೇಲೆದ್ದು ಬರುತ್ತದೆ. ಆಮೇಲೆ ಎಷ್ಟು ಬಿಗಿದರೂ ಸಂದು ಮುಚ್ಚುವುದಿಲ್ಲ, ತಗಡಿನ ತೂತು ಮಾತ್ರ ಹಾಳಾಗುತ್ತದೆ.

ಡ್ರಿಲ್ ನಿಧಾನಕ್ಕಿರಲಿ, ಕ್ಲಚ್ 3 ಅಥವಾ 4ರಲ್ಲಿ. ಸ್ಕ್ರೂ ತಗಡು ಮುಟ್ಟಿದಾಗ ಒಂದು ಕ್ಷಣ ತಡೆಯುತ್ತದೆ, ಕಿರ್ರೆಂದು ಕೊರೆಯುತ್ತದೆ, ಆಮೇಲೆ ಸರ್ರನೆ ಎಳೆದುಕೊಳ್ಳುತ್ತದೆ. ತಲೆ ಕಟ್ಟಿಗೆಗೆ ಕೂತ ಕೂಡಲೇ ಬೆರಳು ಬಿಡಿ. ಕೊನೆಯ ಅರ್ಧ ಸುತ್ತು ಕೈಯ ಸ್ಕ್ರೂಡ್ರೈವರ್‌ನಿಂದ. ಅರ್ಧ ಮಿ.ಮೀ. ತಗಡಿಗೆ ಹಿಡಿತ ಎಂದರೆ ಒಂದೇ ಎಳೆ ಮರೆ. ಒಂದು ಸುತ್ತು ಹೆಚ್ಚಾದರೆ ಅದು ಸವೆದು ಸ್ಕ್ರೂ ಬರೀ ತಿರುಗುತ್ತಿರುತ್ತದೆ. ಇಲ್ಲಿ 18ರಲ್ಲಿ ಎರಡು ಹಾಗೆ ತಿರುಗಿದವು. ಒಂದಕ್ಕೆ ಅದೇ ತೂತಿನಲ್ಲಿ 4.8ರ ಸ್ಕ್ರೂ ಹಿಡಿಯಿತು. ಇನ್ನೊಂದನ್ನು ಅರ್ಧ ಇಂಚು ಕೆಳಗೆ ಹೊಸ ತೂತಿಗೆ ಹೊಡೆಯಬೇಕಾಯಿತು.

ನಡುವಿನ ಸ್ಟಡ್ ಮೇಲೆ ಬೋರ್ಡುಗಳ ಕೂಡಿಕೆ ಇತ್ತು, ಪುಟ್ಟಿ 3 ಮಿ.ಮೀ. ಉಬ್ಬಿತ್ತು. ಉಬ್ಬಿನ ಮೇಲೆ ರೀಪನ್ನು ಎಳೆದು ಬಿಗಿದರೆ ರೀಪು ಬಿಲ್ಲಿನಂತೆ ಬಾಗುತ್ತದೆ. ಎರಡು ತುದಿಗೆ ಒಂದರ ಮೇಲೊಂದು ಮೂರು ಸನ್‌ಮೈಕಾ ಚೂರು ಕೊಟ್ಟು, ದಾರ ಹಿಡಿದು ನೋಡಿ, ಆಮೇಲೆ ಬಿಗಿದದ್ದು.

ಲೆಕ್ಕ ಏನು ಹೇಳುತ್ತದೆ

ಹಲಗೆ 5, ರೀಪು 2, ಸಾಮಾನು 14, ಒಟ್ಟು 21 ಕೆಜಿ. 18 ಸ್ಕ್ರೂಗೆ ಹಂಚಿದರೆ ಒಂದಕ್ಕೆ ಒಂದು ಕೆಜಿ ಚಿಲ್ಲರೆ. ಕೆಳಮುಖದ ಭಾರ ದೊಡ್ಡ ಸಂಗತಿಯೇ ಅಲ್ಲ. ಹೆದರಬೇಕಾದ್ದು ಹೊರಗೆ ಎಳೆಯುವ ಬಲಕ್ಕೆ. ಸಾಮಾನಿನ ತೂಕ ಗೋಡೆಯಿಂದ ಸರಾಸರಿ 120 ಮಿ.ಮೀ. ಮುಂದೆ ಇದೆ ಅನ್ನಿ. ಒಟ್ಟು 21 ಕೆಜಿಯನ್ನು 120ರಿಂದ ಗುಣಿಸಿ, ಮೇಲಿನ ಮತ್ತು ಕೆಳಗಿನ ರೀಪುಗಳ ಅಂತರ 865ರಿಂದ ಭಾಗಿಸಿದರೆ ಮೇಲಿನ ರೀಪಿಗೆ ಬೀಳುವ ಎಳೆತ ಮೂರು ಕೆಜಿಗಿಂತ ಕಡಿಮೆ. ಅದೇ ಭಾರವನ್ನು ಒಂದಡಿ ಎತ್ತರದ ಗಿಡ್ಡ ಹಲಗೆಗೆ ತೂಗಿದರೆ ರೀಪುಗಳ ಅಂತರ 250, ಎಳೆತ ಹತ್ತಿರ ಹತ್ತಿರ ಹತ್ತು ಕೆಜಿ. ಜಿಪ್ಸಂ ಗೋಡೆಗೆ ಗಿಡ್ಡ, ಅಗಲ ಹಲಗೆಗಿಂತ ಎತ್ತರದ ಹಲಗೆ ಒಳ್ಳೆಯದು ಎನ್ನುವುದು ಈ ಕಾರಣಕ್ಕೆ.

ಸ್ಟಡ್ ಸಿಗದ ಕಡೆ ರೀಪಿನ ಒಂದು ತುದಿ ನಿಂತರೆ ಅಲ್ಲಿಗೆ ಲೋಹದ ಹಾಲೋವಾಲ್ ಆಂಕರ್ ಹಾಕಬಹುದು. ಅದು ಬೋರ್ಡಿನ ಬೆನ್ನಿಗೆ ಛತ್ರಿಯಂತೆ ಬಿಚ್ಚಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಬರೆದ ಭಾರದ ಕಾಲುಭಾಗವನ್ನಷ್ಟೇ ನಂಬಿ. ಸ್ಪ್ರಿಂಗ್ ರೆಕ್ಕೆಯ ಟಾಗಲ್ ಬೋಲ್ಟ್ ಇನ್ನೂ ಗಟ್ಟಿ, ಆದರೆ ನಮ್ಮ ಪಾರ್ಟಿಶನ್‌ನ ಒಳಜಾಗ 50 ಮಿ.ಮೀ. ಮಾತ್ರ. ಉದ್ದನೆಯ ಟಾಗಲ್ ಆಚೆ ಬದಿಯ ಬೋರ್ಡಿಗೆ ತಾಗಿ ಬಿಚ್ಚಿಕೊಳ್ಳುವುದೇ ಇಲ್ಲ. ಕೊಳ್ಳುವ ಮೊದಲು ಮಡಚಿದ ಉದ್ದ ಅಳೆಯಿರಿ. ಇಡೀ ಹಲಗೆಯನ್ನು ಆಂಕರ್ ಮೇಲೆಯೇ ನಿಲ್ಲಿಸುವುದು ಸಾಮಾನಿನ ಹಲಗೆಗೆ ತಕ್ಕದ್ದಲ್ಲ. ಎರಡು ಬದಿಯ ಟೇಪಂತೂ ಬೇಡವೇ ಬೇಡ. 42 ಡಿಗ್ರಿ ಬಿಸಿಲಿನ ಊರಿನಲ್ಲಿ ಪಡುವಣ ಗೋಡೆ ಕಾದಾಗ ಅಂಟು ಮೆತ್ತಗಾಗಿ ಜಾರುತ್ತದೆ.

ಹಲಗೆ ಹಿಡಿಸುವುದು

ಹಲಗೆಯನ್ನು ಅದೇ ಕೋಣೆಯಲ್ಲಿ ಎರಡು ದಿನ ಮಲಗಿಸಿಡಿ, ಗೋಡೆಗೆ ಒರಗಿಸಬೇಡಿ. ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಪ್ರೈಮರ್. ಅಂಚಿಗೆ ಎರಡು ಸಲ. ಒಂದೇ ಮುಖಕ್ಕೆ ಬಳಿದರೆ ಇನ್ನೊಂದು ಮುಖ ತೇವ ಕುಡಿದು ಹಲಗೆ ಸೊಟ್ಟಗಾಗುತ್ತದೆ. ಬ್ರಷ್ ಹಚ್ಚಿದರೆ ಬಣ್ಣ ತೂತಿನೊಳಗೆ ಗಡ್ಡೆ ಕಟ್ಟುತ್ತದೆ, ಹಾಗಾಗಿ ಅರೆ ಒಣಗಿದ ರೋಲರ್. ಆದರೂ ಮುಚ್ಚಿದ ತೂತುಗಳನ್ನು 6 ಮಿ.ಮೀ. ಬಿಟ್ ಕೈಯಲ್ಲಿ ಹಿಡಿದು ತಿರುವಿ ಬಿಡಿಸಿ.

ಸ್ಕ್ರೂಗೆ ಹೊಸ ತೂತು ಬೇಡ, ಹಲಗೆಯ ತೂತನ್ನೇ ಬಳಸಿ, ಮೇಲೆ ವಾಷರ್. 6ರ ತೂತಿನಲ್ಲಿ 4ರ ಸ್ಕ್ರೂ ನಿಂತಾಗ ಸುತ್ತ ಒಂದೊಂದು ಮಿ.ಮೀ. ಆಟ ಉಳಿಯುತ್ತದೆ. ಮೇ ತಿಂಗಳ ಒಣ ಹವೆಯಲ್ಲಿ ಕುಗ್ಗಿದ ಹಲಗೆ ಆಗಸ್ಟ್‌ನ ಮಳೆಗೆ ನಾಲ್ಕಡಿ ಉದ್ದದಲ್ಲಿ ಎರಡು, ಮೂರು ಮಿ.ಮೀ. ಹಿಗ್ಗುತ್ತದೆ. ಆಟ ಇದ್ದರೆ ಸರಿದುಕೊಳ್ಳುತ್ತದೆ, ಇಲ್ಲದಿದ್ದರೆ ಸ್ಕ್ರೂಗಳ ನಡುವೆ ಹಪ್ಪಳದಂತೆ ಉಬ್ಬುತ್ತದೆ. ರೀಪಿಗೆ ಐದರಂತೆ 15 ಸ್ಕ್ರೂ. ನಡುವಿನದನ್ನು ಗಟ್ಟಿಯಾಗಿ, ಉಳಿದದ್ದನ್ನು ವಾಷರ್ ಬೆರಳಿಗೆ ತಿರುಗದಷ್ಟು ಮಾತ್ರ ಬಿಗಿಯಿರಿ. ಉದ್ದ 20 ಮೀರಬಾರದು. 25 ಆದರೆ ತುದಿ ರೀಪಿನ ಬೆನ್ನಿಗೆ ಬಂದು ಗೋಡೆಯನ್ನು ಒತ್ತುತ್ತದೆ.

ಸಾಮಾನು ತೂಗುವ ಮೊದಲು ಪರೀಕ್ಷೆ. ಮೇಲಿನ ಅರ್ಧದಲ್ಲಿ ನಾಲ್ಕು ದೂರದೂರ ಹುಕ್ಕಿಗೆ ಒಂದೊಂದು 5 ಲೀಟರ್ ಡಬ್ಬಿ, ಸುಮಾರು 20 ಕೆಜಿ ನೀರು, ರಾತ್ರಿಯಿಡೀ. ಬೆಳಿಗ್ಗೆ ಮೇಲಿನ ರೀಪಿನ ಬೆನ್ನಿಗೆ ಒಂದು ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ಮೊದಲು ಹೋಗದ ಕಾರ್ಡು ಈಗ ಹೋದರೆ ಆ ಸ್ಟಡ್‌ನ ಸ್ಕ್ರೂ ಹಿಡಿದಿಲ್ಲ. ಇಲ್ಲಿ ಎಲ್ಲೂ ಹೋಗಲಿಲ್ಲ.

ಪೈಪ್ ಪಾನಾ, ಡ್ರಿಲ್‌ನಂಥ ಭಾರದವು ರೀಪಿನ ಸಾಲಿಗೆ ಹತ್ತಿರದ ತೂತುಗಳಲ್ಲಿ ಇರಲಿ, ಅಲ್ಲಿ ಹಲಗೆ ಬಾಗುವುದಿಲ್ಲ. ದಿನವೂ ತೆಗೆಯುವ ಪಕ್ಕಡ್, ಟೆಸ್ಟರ್ ಎದೆಯ ಮಟ್ಟಕ್ಕೆ. ಗರಗಸ, ಉಳಿ ಮಕ್ಕಳ ಕೈಗೆ ಎಟುಕದ ಮೇಲಿನ ಸಾಲಿಗೆ. ಹುಕ್ ಕಳಚಿ ಬರುತ್ತಿದ್ದರೆ ಅದರ ಕೆಳಗಿನ ಎರಡು ತೂತಿಗೆ ಒಂದು ಕೇಬಲ್ ಟೈ ಪೋಣಿಸಿ ಬಿಗಿಯಿರಿ.

ಬೇರೆ ಗೋಡೆಯಾದರೆ

ರೀಪು, ಹಲಗೆ ಅದೇ. ಬದಲಾಗುವುದು ಗೋಡೆಯ ಹಿಡಿತ. ಇಟ್ಟಂಗಿಗೆ 8 ಮಿ.ಮೀ. ಗಿಟ್ಟಿ, 5×70 ಸ್ಕ್ರೂ. ಗಿಟ್ಟಿ ಗಿಲಾವು ದಾಟಿ ಇಟ್ಟಂಗಿಯೊಳಗೆ ಹೋಗಿರಬೇಕು. ಶಹಾಬಾದ್ ಕಲ್ಲು ಪದರು ಪದರಾಗಿ ಏಳುತ್ತದೆ, ಅಂಚಿನಿಂದ ಎರಡು ಇಂಚಾದರೂ ಒಳಗೆ ಕೊರೆಯಿರಿ. ಮೊದಲು ಹ್ಯಾಮರ್ ಇಲ್ಲದೆ 5ರ ತೂತು, ಆಮೇಲೆ 8ರದು. ಮಣ್ಣು ಅಥವಾ ಸುಣ್ಣದ ಗಾರೆಯ ಸಂದಿಗೆ ಗಿಟ್ಟಿ ಹಾಕಿದರೆ ನಿಲ್ಲುವುದಿಲ್ಲ. ಜಂಬಿಟ್ಟಿಗೆಯಲ್ಲಿ ಸಣ್ಣ ಗಿಟ್ಟಿ ಪೊಟರೆ ಸಿಕ್ಕರೆ ಸುಮ್ಮನೆ ತಿರುಗುತ್ತದೆ. ಅಲ್ಲಿಗೆ 100 ಮಿ.ಮೀ. ಉದ್ದದ ಗಿಟ್ಟಿ ಬೇಕು, ಅದೂ ತಿರುಗಿದರೆ ತೂತಿಗೆ ಅಂಟು ತುಂಬಿ ಹಿಡಿಸುವ ಕೆಮಿಕಲ್ ಆಂಕರ್.

ಮೊದಲ ಮಳೆಗಾಲ ಮುಗಿದ ಮೇಲೆ ಒಂದು ಸಲ ಎಲ್ಲ ವಾಷರ್ ಮುಟ್ಟಿ ನೋಡಿ. ಬೆರಳಿಗೆ ತಿರುಗಿದ್ದನ್ನು ಕಾಲು ಸುತ್ತು ಬಿಗಿಯಿರಿ. ರೀಪಿನ ಸ್ಕ್ರೂಗಳನ್ನು ಮಾತ್ರ ಮುಟ್ಟಬೇಡಿ, ಅರ್ಧ ಮಿ.ಮೀ. ತಗಡು ಎರಡನೇ ಸಲದ ಬಿಗಿತವನ್ನು ತಡೆಯುವುದಿಲ್ಲ.